ಶ್ರದ್ಧಾಂಜಲಿಗೆ ಮೊದಲೇ ಒಂದು ಪ್ರಿಂಟ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ತಿಪಟೂರಿನಿಂದ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಬಸ್ಸಿನಲ್ಲಿ ಹೋಗಿದ್ರೆ ನಿಮಗೆ ಗೊತ್ತಿರುತ್ತೆ, ರಸ್ತೆಯ ಎರಡೂ ಕಡೆ ತೆಂಗಿನ ತೋಟ ಬಿಟ್ರೆ ಹೆಚ್ಚಾಗಿ ಕಣ್ಣಿಗೆ ಬೀಳೋದು ಫ್ಲೆಕ್ಸ್‌ಗಳು. ಒಂದು ಹುಟ್ಟುಹಬ್ಬದ್ದು, ಒಂದು ಜಾತ್ರೆಯದು, ಇನ್ನೊಂದು ‘ಭಾವಪೂರ್ಣ ಶ್ರದ್ಧಾಂಜಲಿ’. ಇವತ್ತು ಆ ಮೂರನೇ ಫ್ಲೆಕ್ಸ್‌ನಿಂದ ಮಾತು ಶುರು ಮಾಡ್ತೀನಿ.

ಅದರಲ್ಲಿರೋ ಫೋಟೋನ ಯಾವತ್ತಾದ್ರೂ ಹತ್ತಿರ ನಿಂತು ನೋಡಿದೀರಾ? ಎಷ್ಟೋ ಸಲ ಅದು ಆಧಾರ್ ಕಾರ್ಡಿನ ಫೋಟೋ. ಕಣ್ಣು ಅಗಲ ಬಿಟ್ಕೊಂಡು, ಯಾರೋ ಬೈದಿದ್ದಾರೆ ಅನ್ನೋ ಹಾಗೆ ಕೂತಿರ್ತಾರೆ. ಇಲ್ಲಾಂದ್ರೆ ಯಾವುದೋ ಮದುವೆಯ ಗುಂಪಿನ ಫೋಟೋದಿಂದ ಕತ್ತರಿಸಿ ತೆಗೆದ ಮುಖ. ಪಕ್ಕದವರ ಭುಜ ಅರ್ಧ ಕಾಣ್ತಾ ಇರುತ್ತೆ. ಹಿಂದೆ ನೀಲಿ ಆಕಾಶ, ಬಿಳಿ ಮೋಡ ಅಂಟಿಸಿರ್ತಾರೆ. ಎಪ್ಪತ್ತು, ಎಂಬತ್ತು ವರ್ಷ ಬಾಳಿದ ಮನುಷ್ಯ. ಅವರ ಮುಖ ಕಾಗದಕ್ಕೆ ದೊಡ್ಡದಾಗಿ ಬಂದಿದ್ದು ಅದೇ ಮೊದಲು. ಅದೂ ಸತ್ತ ಮೇಲೆ, ಬೆಳಗಿನ ಜಾವ, ಸ್ಟುಡಿಯೋದವರನ್ನ ಎಬ್ಬಿಸಿ ಅವಸರದಲ್ಲಿ ಮಾಡಿಸಿದ್ದು.

ಇವತ್ತು ನಾನು ಹೇಳ್ಬೇಕು ಅಂತಿರೋದು ಒಂದೇ ಮಾತು. ಮನೆಯವರ ಫೋಟೋನ ಅವರು ಬದುಕಿದ್ದಾಗಲೇ ಪ್ರಿಂಟ್ ಹಾಕ್ಸಿ, ಅವರ ಕೈಗೇ ಕೊಡಿ. ಅದು ಯಾಕೆ ಅಂತ ವಿವರವಾಗಿ ನೋಡೋಣ.

ನಾನು ಓದಿದ್ದು ಬಿಕಾಂ. ಅದಕ್ಕೆ ಮೊದಲು ಲೆಕ್ಕದಿಂದ ಶುರು ಮಾಡ್ತೀನಿ. ಹಿಂದೆ ಕ್ಯಾಮೆರಾಗೆ ಹಾಕ್ತಿದ್ದ ಒಂದು ರೋಲ್‌ನಲ್ಲಿ ಸಾಮಾನ್ಯವಾಗಿ 36 ಫೋಟೋ. ಒಂದೊಂದಕ್ಕೂ ದುಡ್ಡು. ಅದಕ್ಕೇ ಫೋಟೋ ತೆಗೆಸೋದು ಅಂದ್ರೆ ತಲೆ ಬಾಚಿ, ಒಳ್ಳೇ ಸೀರೆ ಉಟ್ಟು, ಉಸಿರು ಬಿಗಿಹಿಡಿದು ನಿಲ್ಲೋದು. 36ರಲ್ಲಿ ನಾಲ್ಕು ಹಾಳಾದ್ರೂ 32 ಕಾಗದದ ಮೇಲೆ ಬರ್ತಿತ್ತು. ಈಗ ನನ್ನ ಫೋನಿನಲ್ಲಿ ಹದಿನಾಲ್ಕು ಸಾವಿರಕ್ಕಿಂತ ಹೆಚ್ಚು ಫೋಟೋ ಇದೆ. ಅದರಲ್ಲಿ ಗುಡ್ ಮಾರ್ನಿಂಗ್ ಮೆಸೇಜು, ಗ್ಯಾಸ್ ಬಿಲ್ಲು, ಸ್ಕ್ರೀನ್‌ಶಾಟು ಎಲ್ಲಾ ಸೇರಿದೆ. ಈ ಸಂಚಿಕೆಗೆ ಅಂತ ನಮ್ಮ ಕಡೆ ಹತ್ತಾರು ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳ್ದೆ. ಕಳೆದ ಹತ್ತು ವರ್ಷದಲ್ಲಿ ಮದುವೆ ಆಲ್ಬಂ, ಪಾಸ್‌ಪೋರ್ಟ್ ಸೈಜು ಬಿಟ್ಟು ಎಷ್ಟು ಫೋಟೋ ಪ್ರಿಂಟ್ ಹಾಕ್ಸಿದೀರಿ ಅಂತ. ಹೆಚ್ಚಿನವರು ಒಂದು ಕ್ಷಣ ಯೋಚನೆ ಮಾಡಿ, “ಇಲ್ಲ ಅನ್ಸುತ್ತೆ” ಅಂದ್ರು.

ಪಡಸಾಲೆಯ ಗೋಡೆ ನೋಡಿದ್ರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಸಿದ್ಧಗಂಗಾ ಶ್ರೀಗಳ ಫೋಟೋ ಇರುತ್ತೆ. ಅಜ್ಜ ಅಜ್ಜಿ ಕುರ್ಚಿ ಮೇಲೆ ಕೂತ ಕಪ್ಪುಬಿಳುಪು ಫೋಟೋ ಇರುತ್ತೆ. ಅಪ್ಪನ ಮದುವೆ ಇರುತ್ತೆ. ಯಾರೋ ಡಿಗ್ರಿ ತಗೊಂಡಿದ್ದು ಇರುತ್ತೆ. ಆಮೇಲೆ ಗೋಡೆ ಖಾಲಿ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಗೋಡೆ ತುಂಬಿತ್ತು, ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಬಂದ ಮೇಲೆ ಗೋಡೆ ನಿಂತುಹೋಯ್ತು.

“ಫೋನಲ್ಲಿ ಇದೆಯಲ್ಲ, ಮತ್ಯಾಕೆ ಕಾಗದ?” ಅಂತ ಕೇಳ್ತಾರೆ. ಸರಿ. ಅದೇ ಪ್ರಶ್ನೆನ ನಿಮ್ಮ ತಂದೆಯವರಿಗೆ ಪಹಣಿ ಬಗ್ಗೆ ಕೇಳಿ ನೋಡಿ. 2000ದ ಸುಮಾರಿಗೆ ಭೂಮಿ ಯೋಜನೆ ಬಂದು ನಮ್ಮ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಸೇರಿದ್ವು. ಇವತ್ತು ಫೋನಿನಲ್ಲೇ ಪಹಣಿ ನೋಡಬಹುದು. ಆದ್ರೂ ನಮ್ಮ ಮನೆಗಳ ಕಬ್ಬಿಣದ ಪೆಟ್ಟಿಗೆಯಲ್ಲಿ ಪಹಣಿಯ ಕಾಗದ ಇದೆ, ಅದಕ್ಕೆ ಮೂರು ಜೆರಾಕ್ಸ್ ಇದೆ. ಕೊಬ್ಬರಿಯನ್ನ ಬೆಂಬಲ ಬೆಲೆಗೆ ಕೊಡೋಕೆ ನೋಂದಣಿ ಮಾಡ್ಸೋವಾಗ ಒಂದು ಕವರ್ ತುಂಬಾ ಆಧಾರ್, ಪಾಸ್‌ಬುಕ್, ಫ್ರೂಟ್ಸ್ ಐಡಿ ಜೆರಾಕ್ಸ್ ಹಿಡ್ಕೊಂಡು ಸಾಲಲ್ಲಿ ನಿಲ್ತೀವಿ. ಕಂಪ್ಯೂಟರಲ್ಲಿ ಇರೋದು ಕೈಗೆ ಸಿಗದೇ ಹೋಗಬಹುದು ಅನ್ನೋದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಆಸ್ತಿ ವಿಷಯದಲ್ಲಿ ಇರೋ ಈ ಎಚ್ಚರ ಮನುಷ್ಯರ ಮುಖದ ವಿಷಯದಲ್ಲಿ ಇಲ್ಲ, ಅಷ್ಟೇ.

ಫೋನ್ ವಿಷಯ ನಾವು ಅಂದ್ಕೊಂಡಷ್ಟು ಗಟ್ಟಿ ಇಲ್ಲ. ನಮ್ಮ ಸಂಬಂಧಿಕರ ಮನೆಯಲ್ಲಿ ಒಬ್ಬರು ಹೃದಯಾಘಾತದಿಂದ ಹೋಗ್ಬಿಟ್ರು. ವಯಸ್ಸು ಐವತ್ತೂ ಆಗಿರಲಿಲ್ಲ. ಮಕ್ಕಳ ಫೋಟೋ, ತೋಟದ ಫೋಟೋ, ಎಲ್ಲಾ ಅವರ ಫೋನಿನಲ್ಲೇ ಇತ್ತು. ಫೋನಿಗೆ ಪ್ಯಾಟರ್ನ್ ಲಾಕ್. ಆ ಪ್ಯಾಟರ್ನ್ ಅವರ ಜೊತೆಗೇ ಹೋಯ್ತು. ಮಕ್ಕಳು ತಮಗೆ ತೋಚಿದ ಹಾಗೆಲ್ಲ ಎಳೆದು ನೋಡಿದ್ರು. ಕೊನೆಗೆ ರಿಪೇರಿ ಅಂಗಡಿಯವರು, “ರಿಸೆಟ್ ಮಾಡಿದ್ರೆ ಫೋನ್ ಓಪನ್ ಆಗುತ್ತೆ, ಆದ್ರೆ ಒಳಗಿರೋದು ಏನೂ ಉಳಿಯಲ್ಲ” ಅಂದ್ರು. ಅವರು ಹೇಳಿದ್ದು ನಿಜ. ಈಗಿನ ಫೋನ್‌ಗಳಲ್ಲಿ ಒಳಗಿನ ಮಾಹಿತಿ ಎಲ್ಲಾ ಗೂಢಲಿಪಿಯಲ್ಲಿ ಇರುತ್ತೆ, ಕೀಲಿ ಇಲ್ದಿದ್ರೆ ಯಾರೂ ಓದೋಕಾಗಲ್ಲ. ಕಳ್ಳರಿಂದ ಕಾಪಾಡೋಕೆ ಮಾಡಿದ ವ್ಯವಸ್ಥೆ ಅದು. ಕಳ್ಳ ಯಾರು, ಮಗಳು ಯಾರು ಅಂತ ಅದಕ್ಕೆ ಗೊತ್ತಾಗಲ್ಲ. ಆ ಫೋನ್ ಇವತ್ತಿಗೂ ಬೀರುವಿನಲ್ಲಿ ಹಾಗೇ ಇದೆ. ರಿಸೆಟ್ ಮಾಡ್ಸೋಕೂ ಮನಸ್ಸಿಲ್ಲ, ತೆಗೆಯೋಕೂ ಆಗಲ್ಲ.

ಕ್ಲೌಡ್‌ನಲ್ಲಿ ಇದೆ ಅಂತೀರಾ? ಗೂಗಲ್ ಫೋಟೋಸ್ ಮೊದಲು ಎಷ್ಟು ಬೇಕಾದ್ರೂ ಉಚಿತವಾಗಿ ಇಟ್ಕೊಳ್ತಿತ್ತು. 2021ರ ಜೂನ್ 1ರಿಂದ ಅದು ನಿಂತು, ಎಲ್ಲಾ ಸೇರಿ 15 ಜಿಬಿ ಅಂತಾಯ್ತು. 2023ರಲ್ಲಿ ಇನ್ನೊಂದು ನಿಯಮ ಬಂತು. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಯನ್ನ, ಅದರಲ್ಲಿರೋ ಫೋಟೋಗಳ ಸಮೇತ, ಅವರು ಅಳಿಸಿಹಾಕಬಹುದು. ಆ ವರ್ಷದ ಡಿಸೆಂಬರ್‌ನಿಂದ ಇದು ಜಾರಿಗೆ ಬಂತು. ಕಂಪನಿಯ ದೃಷ್ಟಿಯಿಂದ ಇದು ತಪ್ಪು ಅಂತ ನಾನು ಹೇಳಲ್ಲ. ಬಾಡಿಗೆ ಕಟ್ಟದ ಗೋಡೌನ್‌ನಲ್ಲಿ ಮೂಟೆ ಎಷ್ಟು ದಿನ ಇರುತ್ತೆ? ಆದ್ರೆ ಎರಡು ವರ್ಷ ಲಾಗಿನ್ ಆಗದ ಖಾತೆ ಯಾರದ್ದು ಅಂತ ಯೋಚನೆ ಮಾಡಿ. ತೀರಿಕೊಂಡವರದ್ದೂ ಅದರಲ್ಲಿ ಇರುತ್ತೆ.

ಇಂಟರ್ನೆಟ್‌ನ ಮೂಲ ವಿನ್ಯಾಸ ರೂಪಿಸಿದ ಇಬ್ಬರಲ್ಲಿ ಒಬ್ಬರು ವಿಂಟ್ ಸರ್ಫ್. ಗೂಗಲ್‌ನಲ್ಲೇ ಉಪಾಧ್ಯಕ್ಷರಾಗಿದ್ದವರು. 2015ರ ಫೆಬ್ರವರಿಯಲ್ಲಿ ಅವರು ವಿಜ್ಞಾನಿಗಳ ಒಂದು ಸಮ್ಮೇಳನದ ಹೊತ್ತಿನಲ್ಲಿ, ಈಗಿನ ಕಡತಗಳನ್ನ ಮುಂದೆ ತೆರೆದು ಓದೋಕಾಗದ ಕಾಲ ಬರಬಹುದು, ನಿಮಗೆ ನಿಜವಾಗಿ ಬೇಕಾದ ಫೋಟೋ ಇದ್ರೆ ಪ್ರಿಂಟ್ ಹಾಕ್ಸಿ ಇಟ್ಕೊಳ್ಳಿ ಅನ್ನೋ ಅರ್ಥದ ಮಾತು ಹೇಳಿದ್ರು. ಇಂಟರ್ನೆಟ್ ಕಟ್ಟಿದವರೇ ಕಾಗದ ಬೇಕು ಅಂದ್ರೆ ನಾವು ಸ್ವಲ್ಪ ಕಿವಿ ಕೊಡಬೇಕಲ್ವಾ?

ಇದಕ್ಕೆ ಎದುರು ಮಾತೂ ಇದೆ. ಕಾಗದ ಸುಡುತ್ತೆ, ನೆನೆಯುತ್ತೆ, ಗೆದ್ದಲು ತಿನ್ನುತ್ತೆ, ಬಣ್ಣ ಹೋಗುತ್ತೆ. ಒಪ್ತೀನಿ. ನಿಮ್ಮ ಮನೆಯಲ್ಲೂ ಒಂದು ವಿಚಿತ್ರ ಗಮನಿಸಿರಬಹುದು. 1960ರ ಕಪ್ಪುಬಿಳುಪು ಫೋಟೋ ಚೆನ್ನಾಗಿರುತ್ತೆ, 1980ರ ಕಲರ್ ಫೋಟೋ ಕೆಂಪಗೆ ತಿರುಗಿರುತ್ತೆ. ಕಾರಣ ಇಷ್ಟೇ. ಕಪ್ಪುಬಿಳುಪಿನಲ್ಲಿ ಚಿತ್ರ ಮೂಡಿರೋದು ಬೆಳ್ಳಿಯ ಕಣದಿಂದ. ಕಲರ್‌ನಲ್ಲಿ ಅದು ಬರೀ ಬಣ್ಣದ ದ್ರವ್ಯ. ಆ ಕಾಲದ ಕಾಗದಗಳಲ್ಲಿ ನೀಲಿ ಹಸಿರಿನ ಅಂಶ ಕತ್ತಲಲ್ಲಿ ಇಟ್ರೂ ಮೊದಲು ಮಾಸ್ತಾ ಇತ್ತು, ಉಳಿದದ್ದು ಕೆಂಪು. ಈಗಿನ ಲ್ಯಾಬ್ ಪ್ರಿಂಟ್‌ಗಳು ಅದಕ್ಕಿಂತ ಎಷ್ಟೋ ಗಟ್ಟಿ. ಬಿಸಿಲಿಗೆ ಇಡದೆ ಇದ್ರೆ ಹತ್ತಾರು ವರ್ಷ ಬಾಳ್ತವೆ.

ಇನ್ನೊಂದು ವ್ಯತ್ಯಾಸ ಇದೆ. ಕಾಗದ ಹಾಳಾಗೋದು ನಿಧಾನಕ್ಕೆ, ಕಣ್ಣಿಗೆ ಕಾಣೋ ಹಾಗೆ. 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಬಂತು. ಊರಿಗೆ ಊರೇ ಕೊಚ್ಚಿಹೋಯ್ತು. ಆಮೇಲೆ ಕೆಸರಿನಲ್ಲಿ ಲಕ್ಷಗಟ್ಟಲೆ ಕುಟುಂಬದ ಫೋಟೋ ಸಿಕ್ತು. ಫ್ಯೂಜಿಫಿಲ್ಮ್ ಕಂಪನಿಯವರು ಅವನ್ನ ಹೇಗೆ ತೊಳೆಯೋದು ಅಂತ ಹೇಳಿಕೊಟ್ರು. ಸ್ವಯಂಸೇವಕರು ಒಂದೊಂದನ್ನೇ ನೀರಿನಲ್ಲಿ ತೊಳೆದು, ಬಟ್ಟೆ ಒಣಗಿಸೋ ಹಾಗೆ ದಾರಕ್ಕೆ ಸಿಕ್ಕಿಸಿ ಒಣಗಿಸಿದ್ರು. ಮನೆ ಕಳ್ಕೊಂಡವರು ಬಂದು ತಮ್ಮವರ ಮುಖ ಹುಡುಕ್ತಿದ್ರು. ಕೆಸರಿಗೆ ಬಿದ್ದ ಕಾಗದದಲ್ಲೂ ಅರ್ಧ ಮುಖ ಉಳಿಯುತ್ತೆ. ನೀರಿಗೆ ಬಿದ್ದು ಕೆಟ್ಟ ಫೋನಿನಲ್ಲಿ ಅರ್ಧ ಮುಖ ಅಂತ ಏನೂ ಉಳಿಯಲ್ಲ.

ಇಷ್ಟೂ ಭದ್ರತೆಯ ಮಾತಾಯ್ತು. ಆದ್ರೆ ನನಗೆ ಪ್ರಿಂಟ್ ಬೇಕೇಬೇಕು ಅನ್ಸೋದು ಇನ್ನೊಂದು ಕಾರಣಕ್ಕೆ.

ನಮ್ಮಜ್ಜಿಗೆ ಎಂಬತ್ತು ದಾಟಿದೆ. ಫೋನಿನಲ್ಲಿ ಫೋಟೋ ತೋರ್ಸಿದ್ರೆ ಎರಡು ಸೆಕೆಂಡ್ ನೋಡ್ತಾರೆ. ಅಷ್ಟರಲ್ಲಿ ಸ್ಕ್ರೀನ್ ಕಪ್ಪಾಗುತ್ತೆ, ಇಲ್ಲಾ ಅವರ ಬೆರಳು ತಾಗಿ ಇನ್ಯಾವುದೋ ವಿಡಿಯೋ ಬರುತ್ತೆ. “ಹ್ಞೂಂ, ಚೆನ್ನಾಗದೆ ಕಣಪ್ಪ” ಅಂತ ಕೊಟ್ಬಿಡ್ತಾರೆ. ಹೋದ ಯುಗಾದಿಗೆ ಊರಿಗೆ ಹೋಗೋವಾಗ 40 ಫೋಟೋ ಪ್ರಿಂಟ್ ಹಾಕ್ಸಿಕೊಂಡು ಹೋದೆ. ಬೀರುವಿನಲ್ಲಿದ್ದ ಹಳೇ ಆಲ್ಬಮ್ಮನ್ನೂ ತಂದು ಜಗಲಿ ಮೇಲೆ ಇಟ್ಟೆ. ಅಜ್ಜಿ ಒಂದೊಂದನ್ನೇ ಕೈಗೆ ತಗೊಂಡ್ರು. ಸೆರಗಿನಿಂದ ಒರೆಸಿದ್ರು. ಬೆಳಕಿಗೆ ಹಿಡಿದು ನೋಡಿದ್ರು. ಒಂದೂವರೆ ಗಂಟೆ ಏಳಲಿಲ್ಲ.

ಹಳೇ ಆಲ್ಬಮ್ಮಲ್ಲಿ 1994ರ ಗೃಹಪ್ರವೇಶದ ಒಂದು ಗುಂಪು ಫೋಟೋ ಇತ್ತು. ಅದರ ಅಂಚಿನಲ್ಲಿ, ಬಾಗಿಲ ಹತ್ತಿರ, ಮೊರ ಹಿಡ್ಕೊಂಡು ನಿಂತ ಒಬ್ಬ ಹೆಂಗಸು. ನಮ್ಮಪ್ಪನಿಗೂ ಅವರು ಯಾರು ಅಂತ ಥಟ್ಟನೆ ಹೊಳೀಲಿಲ್ಲ. ಅಜ್ಜಿ ನೋಡಿದ ತಕ್ಷಣ ಹೆಸರು ಹೇಳಿದ್ರು, ತವರೂರು ಹೇಳಿದ್ರು. ನಮ್ಮ ಮನೆಗೆ ಕೊಬ್ಬರಿ ಒಡೆಯೋಕೆ ಇಪ್ಪತ್ತು ವರ್ಷ ಬಂದವರು. ಅಪ್ಪ ಕೂಸಾಗಿದ್ದಾಗ ಅಜ್ಜಿಗೆ ಟೈಫಾಯ್ಡ್ ಬಂದು ತಿಂಗಳು ಮಲಗಿದ್ರಂತೆ. ಆಗ ಅಪ್ಪನನ್ನ ಸಾಕಿದವರು ಅವರೇ. ಈ ಮಾತು ಅಪ್ಪನಿಗೇ ಗೊತ್ತಿರಲಿಲ್ಲ. ಐವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅಜ್ಜಿ ಹೇಳಿರಲಿಲ್ಲ.

ಆ ಹೆಂಗಸು ಆಧಾರ್ ಬರೋದಕ್ಕೆ ಮೊದಲೇ ತೀರಿಕೊಂಡಿದ್ರು. ಮೊಮ್ಮಗಳು ಪಕ್ಕದೂರಿನಲ್ಲೇ ಇದ್ದಾಳೆ. ಕೇಳಿದ್ರೆ ಅವರ ಮನೆಯಲ್ಲಿ ಅಜ್ಜಿಯ ಒಂದು ಫೋಟೋನೂ ಇಲ್ಲ. ಹಿರಿಯರ ಹಬ್ಬದಲ್ಲಿ ಎಲ್ಲರ ಮನೆಯಲ್ಲಿ ಫೋಟೋ ಇಟ್ಟು ಎಡೆ ಇಡ್ತಾರೆ, ಇವರು ಸೀರೆ ಇಟ್ಟು ಎಡೆ ಇಡ್ತಿದ್ರು. ನಾನು ಆ ಫೋಟೋನ ಸ್ಕ್ಯಾನ್ ಮಾಡ್ಸಿ, ಅವರ ಮುಖ ಕಾಣೋ ಹಾಗೆ ದೊಡ್ಡದು ಮಾಡ್ಸಿ ಕೊಟ್ಟೆ. ಮುಖ ಸ್ವಲ್ಪ ಮಸುಕಾಗೇ ಬಂತು. ಅವಳು ಅದನ್ನ ನೋಡಿ ಮೊದಲು ಹೇಳಿದ್ದು, “ನಮ್ಮಮ್ಮನ ಹಣೆ ಥರಾನೇ ಇದೆ” ಅಂತ.

ಹೆಸರು ನಾನು ಇಲ್ಲಿ ಹೇಳಲ್ಲ, ಅದು ಅವರ ಮನೆಯ ವಿಷಯ. ಫೋಟೋದ ಹಿಂದೆ ಬರೆದಿಟ್ಟಿದ್ದೀವಿ.

ನೋಡಿ, ಗುಂಪಿನ ಫೋಟೋದಲ್ಲಿ ನಮ್ಮವರು ಮಧ್ಯದಲ್ಲಿ ಕುರ್ಚಿ ಮೇಲೆ ಇರ್ತಾರೆ. ಕೆಲಸಕ್ಕೆ ಬಂದವರು ಅಂಚಿನಲ್ಲಿ ನಿಂತಿರ್ತಾರೆ. ಫೋಟೋ ತೆಗೆಸೋಕೆ ಅವರ ಹತ್ರ ದುಡ್ಡಿರಲಿಲ್ಲ. ಹಾಗಾಗಿ ಅವರ ಮನೆಯ ಒಂದೇ ಒಂದು ಫೋಟೋ ನಿಮ್ಮ ಆಲ್ಬಮ್ಮಲ್ಲಿ ಇರಬಹುದು. ಫೋಟೋ ಉಳಿದ್ರೂ ಅವರು ಯಾರು ಅಂತ ಹೇಳೋರು ಉಳಿದಿರಬೇಕು. ನಮ್ಮ ಮನೆಯಲ್ಲಿ ಆ ಹೆಸರು ಒಬ್ಬರ ತಲೆಯಲ್ಲಿ ಮಾತ್ರ ಇತ್ತು. ವಂಶವೃಕ್ಷ ಮಾಡ್ಸೋಕೆ ನಾಡಕಚೇರಿಗೆ ಹೋದಾಗಲೂ ಇದೇ ಪಾಡು. ಮುತ್ತಜ್ಜಿಯ ಹೆಸರೇನು ಅಂದ್ರೆ ಮನೆಮಂದಿ ಮುಖ ಮುಖ ನೋಡ್ಕೋತೀವಿ.

ಹಾಗಾದ್ರೆ ಯಾವ ಫೋಟೋ ಪ್ರಿಂಟ್ ಹಾಕ್ಸೋದು? ಹದಿನಾಲ್ಕು ಸಾವಿರದಲ್ಲಿ ಆರಿಸೋದೇ ಕಷ್ಟದ ಕೆಲಸ. ನಾನು ವರ್ಷಕ್ಕೆ 40 ಅಂತ ಮಿತಿ ಹಾಕ್ಕೊಂಡಿದ್ದೀನಿ. ವ್ಯಾಪಾರದ ಲೆಕ್ಕ ಮಾರ್ಚ್ 31ಕ್ಕೆ ಮುಗಿಸ್ತೀವಲ್ಲ, ಫೋಟೋ ಲೆಕ್ಕ ಯುಗಾದಿಗೆ. ಮಿತಿ ಇದ್ರೆ ಆಯ್ಕೆ ಚುರುಕಾಗುತ್ತೆ, ಉಂಡೆ ಕೊಬ್ಬರಿ ಹಸನು ಮಾಡೋ ಹಾಗೆ.

ಮದುವೆ ಫೋಟೋ ಬಗ್ಗೆ ಚಿಂತೆ ಬೇಡ, ಕರಿಜ್ಮಾ ಆಲ್ಬಂ ಅದನ್ನ ನೋಡ್ಕೊಳ್ಳುತ್ತೆ. ಉಳಿದ ದಿನಗಳದ್ದು ಹಾಕ್ಸಿ. ಅಪ್ಪ ನೆಟ್ಟ ಸಲಾಕೆಗೆ ಕಾಯಿ ಕುಕ್ಕಿ ಸಿಪ್ಪೆ ಸುಲಿಯೋದು. ಅಮ್ಮ ಕರಟ ಒಡೆದು, ಉಂಡೆ ಮುರಿಯದ ಹಾಗೆ ಕೊಬ್ಬರಿ ತೆಗೆಯೋದು. ಹಿಂದುಗಡೆ ಏನಿದೆ ನೋಡಿ. ಹೆಂಚಿನ ಮನೆ, ತೆರೆದ ಬಾವಿ, ಅಜ್ಜ ನೆಟ್ಟ ಮರ. ನುಸಿ ಬಂತು, ಅಣಬೆ ರೋಗ ಬಂತು, ಎಷ್ಟೋ ಹಳೇ ಮರ ಹೋಯ್ತು. ಇನ್ನು ಇಪ್ಪತ್ತು ವರ್ಷಕ್ಕೆ ಆ ಫೋಟೋದಲ್ಲಿ ಮುಖದಷ್ಟೇ ಹಿನ್ನೆಲೆಯೂ ಬೆಲೆ ಬಾಳುತ್ತೆ. ಇನ್ನೊಂದು ವಿಷಯ. ಮನೆಯಲ್ಲಿ ಯಾವಾಗಲೂ ಫೋಟೋ ತೆಗೆಯೋರು ಒಬ್ಬರಿರ್ತಾರೆ, ಅವರೇ ಯಾವ ಫೋಟೋದಲ್ಲೂ ಇರಲ್ಲ. ಅವರದ್ದೂ ಒಂದು ತೆಗೀರಿ.

ಈಗ ಸ್ವಲ್ಪ ಉಪಯೋಗದ ಮಾತು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ ಚಿಕ್ಕದಾಗಿರುತ್ತೆ. ಫೋರ್ ಬೈ ಸಿಕ್ಸ್ ಸೈಜಿಗೆ ಹೇಗೋ ನಡೆಯುತ್ತೆ, ದೊಡ್ಡದು ಮಾಡಿದ್ರೆ ಮುಖ ಕಲಸಿಹೋಗುತ್ತೆ. ತೆಗೆದವರ ಹತ್ರ ಮೂಲ ಫೋಟೋನ ‘ಡಾಕ್ಯುಮೆಂಟ್’ ಆಗಿ ಕಳಿಸೋಕೆ ಹೇಳಿ. ಸ್ಟುಡಿಯೋದಲ್ಲಿ ಲ್ಯಾಬ್ ಪ್ರಿಂಟ್ ಕೇಳಿ, ಸಾದಾ ಇಂಕ್ ಪ್ರಿಂಟ್ ಬೆಳಕಿಗೆ ಬೇಗ ಮಾಸುತ್ತೆ. ಲ್ಯಾಮಿನೇಷನ್ ಮಾಡ್ಸಬೇಡಿ, ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನ ಮತ್ತೆ ಬಿಡಿಸೋಕಾಗಲ್ಲ. ಹಾಳೆ ಮೇಲೆ ಗೋಂದು ಇದ್ದು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟೋ ಹಳೇ ಆಲ್ಬಂ ಇದ್ರೆ ಫೋಟೋ ಹುಷಾರಾಗಿ ತೆಗೆದು ಬೇರೆ ಕಡೆ ಇಡಿ, ಆ ಗೋಂದು ಹಳದಿಯಾಗಿ ಕಾಗದ ತಿನ್ನುತ್ತೆ. ಫ್ರೇಮ್ ಹಾಕ್ಸೋವಾಗ ಗಾಜು ನೇರ ಫೋಟೋಗೆ ತಾಗದ ಹಾಗೆ ಮಧ್ಯೆ ಒಂದು ರಟ್ಟಿನ ಅಂಚು ಕೊಡೋಕೆ ಹೇಳಿ. ತೇವಕ್ಕೆ ಫೋಟೋ ಗಾಜಿಗೆ ಅಂಟಿಬಿಡುತ್ತೆ.

ಇಡೋ ಜಾಗ ಮುಖ್ಯ. ತೆಂಗಿನಕಾಯಿನ ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಇಟ್ರೆ ಒಳ್ಳೇ ಕೊಬ್ಬರಿ ಆಗುತ್ತೆ. ಫೋಟೋಗೆ ಅಟ್ಟ ಆಗಲ್ಲ. ಅಲ್ಲಿ ಹೊಗೆ, ಸೆಖೆ, ಇಲಿ. ಮನೆ ಒಳಗಿನ ಬೀರು, ಹೊರಗೋಡೆಗೆ ತಾಗದ ಜಾಗ, ಅಷ್ಟು ಸಾಕು. ಗೋಡೆಗೆ ಹಾಕಿದ್ದಕ್ಕೆ ನೇರ ಬಿಸಿಲು ಬೀಳದೆ ಇರಲಿ.

ಹಿಂದೆ ಬರೀರಿ. ಯಾರು, ಯಾವ ಊರು, ಯಾವ ವರ್ಷ. ಬಾಲ್‌ಪೆನ್ ಒತ್ತಿ ಬರೆದ್ರೆ ಮುಂದಕ್ಕೆ ಗುರುತು ಮೂಡುತ್ತೆ. ಹಳೇ ಕಾಗದಕ್ಕೆ ಮೆತ್ತಗಿನ ಪೆನ್ಸಿಲ್ ಸಾಕು. ಹೊಸ ಪ್ರಿಂಟ್‌ಗಳ ಹಿಂಭಾಗ ಪ್ಲಾಸ್ಟಿಕ್ ಥರ ಇರುತ್ತೆ, ಅದಕ್ಕೆ ಸಣ್ಣ ತುದಿಯ ಮಾರ್ಕರ್‌ನಲ್ಲಿ ಅಂಚಿಗೆ ಬರೆದು, ಒಣಗಿದ ಮೇಲೆ ಒಂದರ ಮೇಲೊಂದು ಇಡಿ. ‘ಅಮ್ಮ’ ಅಂತ ಬರೀಬೇಡಿ. ಐವತ್ತು ವರ್ಷ ಆದ ಮೇಲೆ ಯಾರ ಅಮ್ಮ ಅಂತ ಓದೋರಿಗೆ ತಿಳಿಯಲ್ಲ. ಪೂರ್ತಿ ಹೆಸರು ಬರೀರಿ.

ಡಿಜಿಟಲ್ ಪ್ರತಿ ಬೇಡ ಅಂತ ನಾನು ಹೇಳ್ತಾ ಇಲ್ಲ. ಅದೂ ಇರಲಿ. ಗೂಗಲ್ ಖಾತೆಯಲ್ಲಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಅಂತ ಒಂದು ಸೌಲಭ್ಯ ಇದೆ. ನೀವು ಇಂತಿಷ್ಟು ತಿಂಗಳು ಬಳಸದೆ ಇದ್ರೆ ಯಾರಿಗೆ ತಿಳಿಸಬೇಕು, ಏನು ಕೊಡಬೇಕು ಅಂತ ಮೊದಲೇ ಬರೆದಿಡಬಹುದು. ಐಫೋನ್‌ನಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಇದೆ. ಇವತ್ತು ಸಂಜೆ ಹತ್ತು ನಿಮಿಷ ಕೂತು ಮಾಡಿ ಮುಗಿಸಿ.

ಕೊನೆಗೆ ಖರ್ಚು. ಹೋದ ಸಲ ನನಗೆ ಒಂದು ಪ್ರಿಂಟ್‌ಗೆ 15 ರೂಪಾಯಿ ಬಿತ್ತು. 40ಕ್ಕೆ 600. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ, ಅಂದ್ರೆ ಕೆಜಿಗೆ 121. ಆ ಲೆಕ್ಕದಲ್ಲಿ ಇದು ಐದು ಕೆಜಿ ಕೊಬ್ಬರಿ. ತಿಥಿ ದಿನ ಸರ್ಕಲ್‌ನಲ್ಲಿ ನಿಲ್ಲೋ ಫ್ಲೆಕ್ಸ್‌ಗೆ ನಾವು ಇದಕ್ಕಿಂತ ಹೆಚ್ಚು ಕೊಡೋಕೆ ಯೋಚನೆ ಮಾಡಲ್ಲ. ಆ ಫ್ಲೆಕ್ಸ್ ತಿಂಗಳಾದ ಮೇಲೆ ಸೌದೆ ಮೇಲೆ ಹೊದಿಸೋಕೆ ಹೋಗುತ್ತೆ.

ಈ ವಾರ ನಿಮ್ಮಿಂದ ಒಂದು ಕೆಲಸ ಆಗಬೇಕು. ಮನೆಯಲ್ಲಿರೋ ಅತಿ ಹಿರಿಯರು ಯಾರೋ, ಅವರ ಮುಂದೆ ಒಂದು ಹಳೇ ಗುಂಪಿನ ಫೋಟೋ ಇಟ್ಟು, ಅಂಚಿನಲ್ಲಿ ನಿಂತವರು ಯಾರು ಅಂತ ಕೇಳಿ. ಹೇಳಿದ್ದನ್ನ ಅಲ್ಲೇ ಬರ್ಕೊಳ್ಳಿ. ಆಮೇಲೆ ಅವರದ್ದೂ ಒಂದು ಫೋಟೋ ತೆಗೆದು, ಪ್ರಿಂಟ್ ಹಾಕ್ಸಿ, ಅವರ ಕೈಯಲ್ಲಿ ಇಡಿ. “ನಾನು ಹಿಂಗವ್ನಾ?” ಅಂತ ಅವರು ನಗೋದನ್ನ ನೋಡೋಕೆ ಫ್ಲೆಕ್ಸ್‌ನಲ್ಲಿ ಅವಕಾಶ ಇರಲ್ಲ.